ಶನಿವಾರದ ಬಣ್ಣ

ಸೋಮವಾರ ಬೆಳಿಗ್ಗೆ ಲೋಕಲ್ ರೈಲು ಕುರ್ಲಾ ಸ್ಟೇಷನ್ ಬಿಡುತ್ತಿದ್ದಾಗ ನನ್ನ ಫೋನ್ ರಿಂಗಾಯಿತು. ನೀಲಕ್ಕ.

"ಶೈಲಾ, ಮುಂದಿನ ಸ್ಟೇಷನ್‌ದಾಗ ಇಳಿ. ಸೌಮ್ಯಾ ಸಿಕ್ಕಾಳ."

"ಸಿಕ್ಕಳಾ? ಹೆಂಗದಾಳ?"

"ಹಳ್ಳದಾಗ ಸಿಕ್ಕಾಳ. ಇಳಿ ಅಂದೆ."

ಹೆಂಗದಾಳ ಎಂಬುದಕ್ಕೆ ಅಷ್ಟೇ ಉತ್ತರ. ನನ್ನ ಸುತ್ತ ಲೇಡೀಸ್ ಡಬ್ಬಿಯ ತುಂಬ ಬಿಳಿ ಸೀರೆ, ಬಿಳಿ ಕುರ್ತಾ. ನವರಾತ್ರಿಯ ಒಂಬತ್ತು ದಿನ ಈ ಊರಿನ ಹೆಂಗಸರು ದಿನಕ್ಕೊಂದು ಬಣ್ಣ ಉಡುತ್ತೇವೆ. ಪೇಪರಿನಲ್ಲಿ ಪಟ್ಟಿಯೇ ಬರುತ್ತದೆ: ಶನಿವಾರ ಬೂದು, ರವಿವಾರ ಕೇಸರಿ, ಸೋಮವಾರ ಬಿಳಿ. ಡಬ್ಬಿಯ ಗೆಳತಿಯರೆಲ್ಲ ಸೇರಿ ಫೋಟೊ ತೆಗೆಸಿಕೊಳ್ಳುವ ಹೊತ್ತು ಅದು. ಅವರಿಗೆ ಏನೂ ಹೇಳದೆ ಸಾಯನ್‌ನಲ್ಲಿ ಇಳಿದೆ.

ಸೌಮ್ಯಾ ನಮ್ಮ ಚಾಳಿನ, ಒಂದೊಂದೇ ಖೋಲಿಯ ಮನೆಗಳಿರುವ ನಮ್ಮ ವಠಾರದ ಹುಡುಗಿ. ವಯಸ್ಸು ಇಪ್ಪತ್ತಾರು. ಪರೇಲಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ. ಶನಿವಾರ ಬೆಳಿಗ್ಗೆ ಅದೇ ಲ್ಯಾಬಿನ ಗೆಳತಿ ನಿಖಿತಾಳ ಜೊತೆ ಕರ್ಜತಿನಾಚೆಯ ಒಂದು ಕೋಟೆಗುಡ್ಡಕ್ಕೆ ಹೋಗಿದ್ದಳು. ಮಳೆ ಹಿಂದೆ ಸರಿದು ಗುಡ್ಡವೆಲ್ಲ ಹಳದಿ ಹೂವಾಗುವ ಕಾಲ. ಒಂದು ರಾತ್ರಿ ಮೇಲಿನ ಗುಹೆಯಲ್ಲಿದ್ದು ಮರಳುವುದೆಂದು ಮಾತು. ರವಿವಾರ ಬೆಳಿಗ್ಗೆ ನಿಖಿತಾ ಒಬ್ಬಳೇ, ಸೌಮ್ಯಾ ಕಾಣುತ್ತಿಲ್ಲವೆಂದು ಕೂಗುತ್ತ, ಕೆಳಗಿನ ಹಳ್ಳಿಗೆ ಓಡಿಬಂದಳು. ಮಂಜು ಕವಿದು ಅವತ್ತು ಯಾರಿಗೂ ಕಣಿವೆಗೆ ಇಳಿಯಲಾಗಲಿಲ್ಲ.

ನಾವು ಮೂವರೂ ಹೋದ ತಾಲೂಕು ಆಸ್ಪತ್ರೆಯಲ್ಲಿ ಅವಳ ತಾಯಿ ಮಲ್ಲವ್ವ ಹೆಣ ಗುರುತಿಸಿದಳು. ನೀಲಕ್ಕ ಪಕ್ಕದಲ್ಲಿ ನಿಂತಿದ್ದಳು. ನೀಲಾವತಿ ಎಂದು ಹೆಸರು. ರೈಲ್ವೆ ಪೊಲೀಸಿನಲ್ಲಿ ಮೂವತ್ತು ವರ್ಷ ದುಡಿದು ಹವಾಲ್ದಾರಳಾಗಿ ನಿವೃತ್ತಳಾದ ಬೆಳಗಾವಿಯ ಹೆಂಗಸು. ಚಾಳಿನ ಹುಡುಗರು ಈಗಲೂ ಆಕೆಯನ್ನು ಕಂಡರೆ ಬೀಡಿ ಆರಿಸುತ್ತಾರೆ.

ಇನ್ಸ್‌ಪೆಕ್ಟರ್ ಪಂಚನಾಮೆ ಓದಿದ. ಮೈಮೇಲೆ ಬೂದು ಕುರ್ತಾ, ಕಪ್ಪು ಪ್ಯಾಂಟು, ಬೂಟು. ಗುಹೆಯಲ್ಲಿ ಸಿಕ್ಕ ಚೀಲದಲ್ಲಿ ಟಾರ್ಚು, ರೊಟ್ಟಿ ಗಂಟು, ಇಸ್ತ್ರಿ ಮಡಿಕೆ ಬಿಚ್ಚದ ಒಂದು ಕೇಸರಿ ಕುರ್ತಾ. ಫೋನು ಕಡಿದಾದ ಬಂಡೆಯ ಅಂಚಿನಲ್ಲಿತ್ತು.

"ಸತ್ತದ್ದು ಯಾವಾಗ?" ನೀಲಕ್ಕ ಕೇಳಿದಳು.

"ನೀರಲ್ಲಿ ಬಿದ್ದಿತ್ತಲ್ಲ. ಶನಿವಾರ ಸಂಜೆಯಿಂದ ರವಿವಾರ ಬೆಳಗಿನೊಳಗೆ ಅಂತ ಡಾಕ್ಟರು. ಆದರೆ ನಮಗೆ ಹೊತ್ತು ಗೊತ್ತು. ಆತ್ಮಹತ್ಯೆ." ಅವನು ಸೌಮ್ಯಾಳ ಫೋನ್ ತಿರುಗಿಸಿ ತೋರಿಸಿದ.

ಶನಿವಾರ ರಾತ್ರಿ ಎಂಟೂವರೆಗೆ ಮಲ್ಲವ್ವನ ಧ್ವನಿ ಸಂದೇಶ. ರವಿವಾರ ಬೆಳಗಿನ ಜಾವ ಐದೂ ಐವತ್ತೆರಡಕ್ಕೆ ಸೌಮ್ಯಾಳ ಫೋನಿನಿಂದ ಉತ್ತರ: ಸಾರಿ ಅವ್ವಾ.

ಅವನು ಆ ಧ್ವನಿ ಸಂದೇಶ ಒತ್ತಿಬಿಟ್ಟ. ಒತ್ತಬಾರದಿತ್ತು. ಮಲ್ಲವ್ವನ ದನಿ ಆ ಕೋಣೆಯಲ್ಲಿ ಕೂಗಾಡಿತು. "ಮನ್ಯಾಗ ದೇವೀ ಘಟ ಕುಂತದ, ನೀ ಗುಡ್ಡ ತಿರಗಲಿಕ್ಕೆ ಹೋಗೀದಿ! ಅಲ್ಲೇ ಬಿದ್ದು ಸಾಯಿ. ತಿರುಗಿ ನನಗ ಮಾರಿ ತೋರಸಬ್ಯಾಡ."

ಯಾವ ತಾಯಿ ಅನ್ನುವುದಿಲ್ಲ? ನನ್ನವ್ವ ನನಗೆ ವಾರಕ್ಕೊಮ್ಮೆ ಅಂದಿದ್ದಾಳೆ. ಆದರೆ ಮಲ್ಲವ್ವ ಗೋಡೆಗೆ ಒರಗಿ ಕುಸಿದಳು. "ನಾನ ಕೊಂದೆ," ಅಂದಳು. "ನನ್ನ ಬಾಯಿ ಕೊಂದ್ತು."

ಮರುದಿನದಿಂದ ಆಕೆ ಊಟ ಬಿಟ್ಟಳು. ತನ್ನ ಫೋನಿನಲ್ಲಿ ತನ್ನದೇ ದನಿಯನ್ನು ಮತ್ತೆ ಮತ್ತೆ ಹಾಕಿ ಕೇಳುವಳು. ಫೋನ್ ಕಸಿದುಕೊಂಡರೆ ಬಾಯಿಪಾಠ ಒಪ್ಪಿಸುವಳು. ನಾಲ್ಕನೆಯ ದಿನ ನೀಲಕ್ಕ ನನ್ನನ್ನು ಖೋಲಿಯ ಹೊರಗಿನ ಗ್ಯಾಲರಿಗೆ ಕರೆದಳು.

"ಹಿಂಗ ಬಿಟ್ರ ಈಕಿನೂ ಹೋಗ್ತಾಳ, ಶೈಲಾ. ನನಗೊಂದು ಹೇಳು. ಸೌಮ್ಯಾ ಫೋಟೊ ಹುಚ್ಚಿ ಹೌದಲ್ಲೋ?"

"ಹುಚ್ಚಿನೇ. ಪ್ಲಾಟ್‌ಫಾರ್ಮಿನ ಬೆಕ್ಕನ್ನೂ ಬಿಡತಿರಲಿಲ್ಲ."

"ಆಕಿ ಫೋನ್‌ದಾಗ ಕಡೀ ಫೋಟೊ ಶನಿವಾರ ಸಂಜೀ ಐದೂ ಮೂವತ್ತೆಂಟಕ್ಕ. ಬಂಡೆಗಲ್ಲಿನ ಮ್ಯಾಲೆ ನಿಂತು ನಗಾಕತ್ಯಾಳ. ಸೂರ್ಯ ಮುಳಗಿದ್ದು ಆರೂ ಇಪ್ಪತ್ತಕ್ಕ. ಸೂರ್ಯ ಮುಳಗೂದು ನೋಡಾಕಂತನ ಹೋದಾಕಿ, ಅದರದೊಂದು ಫೋಟೊ ಯಾಕ ತಗೀಲಿಲ್ಲ?"

"ಇನ್ಸ್‌ಪೆಕ್ಟರಿಗೆ ಹೇಳಿದಿರಾ?"

"ಹೇಳಿದೆ. ಬ್ಯಾಟರಿ ಉಳಸಲಿಕ್ಕಂತ ಬಿಟ್ಟಿರಬೇಕು ಅಂದ. ಹೌದು, ಇರಬಹುದು. ಇದೊಂದರಿಂದ ಏನೂ ಆಗೂದಿಲ್ಲ." ಆಕೆ ಸೆರಗು ಬಿಗಿದಳು. "ನಾಳೆ ರಜಾ ಹಾಕು. ಪರೇಲಿಗೆ ಹೋಗೂಣು."

ಲ್ಯಾಬಿನ ಮುಖ್ಯಸ್ಥ ಮೊದಲು ಬಾಯಿ ಬಿಡಲಿಲ್ಲ. ನೀಲಕ್ಕ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಹೇಳಿದ: ಶುಕ್ರವಾರ ಸೌಮ್ಯಾ ಬಂದು, "ಸರ್, ಸೋಮವಾರ ಹತ್ತು ಗಂಟೆಗೆ ನಿಖಿತಾನೂ ನಾನೂ ನಿಮ್ಮ ಹತ್ತಿರ ಒಂದು ವಿಷಯ ಹೇಳಬೇಕು," ಎಂದು ಸಮಯ ಕೇಳಿದ್ದಳು. ಏನು ವಿಷಯ? ಅವನಿಗೆ ಗೊತ್ತಿರಲಿಲ್ಲ. ಆದರೆ ಹಿಂದಿನ ತಿಂಗಳು ಒಬ್ಬ ರೋಗಿ ತಪ್ಪು ಗುಂಪಿನ ರಕ್ತ ಏರಿಸಿದ್ದರಿಂದ ಸತ್ತಿದ್ದ. ಅವತ್ತು ಪರೀಕ್ಷೆಯ ರಕ್ತದ ಟ್ಯೂಬುಗಳಿಗೆ ರೋಗಿಗಳ ಹೆಸರಿನ ಚೀಟಿ ಅಂಟಿಸಿದವಳು ನಿಖಿತಾ.

ದಸರೆಯ ಮರುದಿನ ನಿಖಿತಾ ತಾನಾಗಿಯೇ, ಬರುತ್ತೇನೆಂದು ಮೊದಲೇ ಫೋನ್ ಮಾಡಿ, ಚಾಳಿಗೆ ಬಂದಳು. ವಿಲೆ ಪಾರ್ಲೆಯಲ್ಲಿ ಹೋಟೆಲ್ ಇರುವ ಉಡುಪಿ ಕಡೆಯ ಮನೆತನ. ಹಣ್ಣು ತಂದಿದ್ದಳು. ಮಲ್ಲವ್ವನ ಕಾಲ ಬಳಿ ಕೂತು ಅತ್ತಳು. ಅಳು ಸುಳ್ಳೆಂದು ನಾನು ಹೇಳಲಾರೆ.

ನೀಲಕ್ಕ ಮೆಲ್ಲಗೆ ಕೇಳಿದಳು, "ಆ ಮುಂಜಾನೆ ಏನಾತು, ಇನ್ನೊಮ್ಮೆ ಹೇಳವ್ವಾ. ತಾಯಿ ಜೀವಕ್ಕ ಸಮಾಧಾನ ಆಗಲಿ."

"ಎಷ್ಟು ಸಲ ಹೇಳುವುದು ಆಂಟಿ… ರಾತ್ರಿ ಮೆಸೇಜ್ ಕೇಳಿ ತುಂಬಾ ಅತ್ತಿದ್ದಳು. ಬೆಳಿಗ್ಗೆ ಐದಕ್ಕೆ ನನಗೆ ಎಚ್ಚರ ಆಯ್ತು. ಅವಳು ಮುಖ ತೊಳೆದು ಬಂದಿದ್ದಳು. ಗುಹೆಯಲ್ಲಿ ದೇವಿ ಉಂಟಲ್ಲ, ಅಲ್ಲಿ ದೀಪ ಹಚ್ಚಿದಳು. ಕೈಮುಗಿದು ಸುಮಾರು ಹೊತ್ತು ನಿಂತಳು. ಮತ್ಲಬ್, ಅಂದ್ರೆ ಶಾಂತಿಯಿಂದ ಇದ್ದಳು ಆಂಟಿ. ನಾನು ಪುನಃ ಮಲಗಿದೆ. ಎದ್ದು ನೋಡಿದರೆ ಇಲ್ಲ."

"ದೀಪ ಹಚ್ಚಿದ್ದು ನೀ ಕಣ್ಣಾರೆ ನೋಡಿದಿ?"

"ನೋಡಿದೆ. ಪೊಲೀಸರಿಗೂ ಹೇಳಿ ಸೈನ್ ಮಾಡಿದ್ದೇನೆ."

"ಏನು ಉಟ್ಟಿದ್ದಳು ಆಗ?"

"ಅದೇ… ಗ್ರೇ ಕುರ್ತಾ."

ಅಷ್ಟು ಹೊತ್ತು ನೆಲ ನೋಡುತ್ತಿದ್ದ ಮಲ್ಲವ್ವ ತಲೆ ಎತ್ತಿದಳು. "ಬೂದು? ರವಿವಾರದ ದೀಪ ಬೂದು ಉಟ್ಟು ಹಚ್ಚಿದ್ಲು?"

"ಹೌದು ಆಂಟಿ."

"ಹಚ್ಚೂದಿಲ್ಲ," ಅಂದಳು ಮಲ್ಲವ್ವ. "ನನ್ನ ಮಗಳು ಹಚ್ಚೂದಿಲ್ಲ."

"ಬಣ್ಣವಾ?" ನಿಖಿತಾ ನಮ್ಮೆಲ್ಲರ ಮುಖ ನೋಡಿದಳು. "ಅದು ಫ್ಯಾಶನ್ ಅಲ್ವಾ? ಆಫೀಸಿನಲ್ಲಿ ಫೋಟೊಗೆ ಹಾಕುವುದು. ಸಾಯಲು ಹೊರಟವಳು ಡ್ರೆಸ್ ಬದಲಾಯಿಸ್ತಾಳಾ?"

"ನಿಮಗ ಫ್ಯಾಶನ್. ನಮ್ಮ ಶೈಲಾಗೂ ಫ್ಯಾಶನ್," ಎಂದಳು ನೀಲಕ್ಕ. ದನಿ ಏರಲಿಲ್ಲ. "ಈ ಮನ್ಯಾಗ ಅದು ನೇಮ. ಮೊದಲ ಆ ದಿನದ ಬಣ್ಣ ಉಡೂದು, ಆಮ್ಯಾಲೆ ದೇವಿಗೆ ದೀಪ. ಮೈ ಸುಡೂ ಜ್ವರದಾಗೂ ಸೌಮ್ಯಾ ಅದನ್ನ ತಪ್ಪಿಸಿಲ್ಲ. ಗುಡ್ಡಕ್ಕೂ ಇಸ್ತ್ರಿ ಮಾಡಿದ ಕೇಸರಿ ಕುರ್ತಾ ಹೊತ್ತುಕೊಂಡು ಹೋಗಿದ್ಲು. ಸಾಯಾಕ ಹೊಂಟಾಕಿ ಬಟ್ಟಿ ಬದಲಸೂದಿಲ್ಲ, ಖರೆ. ಹಂಗಾರ ದೀಪನೂ ಹಚ್ಚೂದಿಲ್ಲ. ಹಚ್ಚಿದ್ರ ಮೈಮ್ಯಾಲೆ ಕೇಸರಿ ಇರತಿತ್ತು. ಆ ಕುರ್ತಾದ ಮಡಿಕಿ ಸುದ್ದಾ ಬಿಚ್ಚಿಲ್ಲ. ಇಲ್ಲದ ದೀಪ ನೀ ಹೆಂಗ ನೋಡಿದಿ?"

ನಿಖಿತಾ ಬಾಗಿಲ ಕಡೆ ನೋಡಿದಳು. ನೀಲಕ್ಕ ನಿಲ್ಲಿಸಲಿಲ್ಲ.

"ಪಂಚನಾಮೆ ಬರೆದ ಗಂಡಸರು ಬೂದು ಅಂತ ಬರೆದ್ರು, ಕೇಸರಿ ಅಂತ ಬರೆದ್ರು. ಅವು ಎರಡು ದಿನದ ಬಣ್ಣ ಅಂತ ಒಬ್ಬಗೂ ಹೊಳೀಲಿಲ್ಲ. ಆಕಿಗೆ ರವಿವಾರ ಬೆಳಗ ಆಗಲೇ ಇಲ್ಲ. ಶನಿವಾರ, ಹೊತ್ತು ಮುಳುಗೋಕ ಮೊದಲ ಸತ್ತಳು. ಫೋಟೊ ತಗೀ ಅಂತ ಫೋನು ನಿನ್ನ ಕೈಯಾಗ ಕೊಟ್ಟಿದ್ದಳು. ಹೌದೋ ಅಲ್ಲೋ?"

"ಆಂಟಿ, ನಾನು…"

"ನಿನ್ನ ಕೈಯಾಗ ರಕ್ತದ ಚೀಟಿ ಅದಲು ಬದಲಾಗಿದ್ದು ಆಕಿಗೆ ಗೊತ್ತಿತ್ತು. ಸೋಮವಾರ ಇಬ್ರೂ ಹೋಗಿ ಹೇಳೂಣು ಅಂದಿದ್ಲು."

ನಿಖಿತಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. "ಎರಡು ದಿನ ತಿರುಗಿ ಬರುವ, ನಿನಗೆ ಧೈರ್ಯ ಬರ್ತದೆ, ನಾನು ಜೊತೆಗೆ ಇರ್ತೇನೆ ಅಂದಿದ್ದಳು. ಹೇಳುವುದು ಬೇಡ ಅಂತ ಕಾಲು ಹಿಡಿದೆ. ನಕ್ಕಳು. ಫೋಟೊ ತೆಗಿ ಅಂದಳು… ತೆಗೆದೆ. ಆಮೇಲೆ ಹತ್ತಿರ ಹೋಗಿ… ಒಂದೇ ಸಲ ಆಂಟಿ. ಒಂದೇ ಸಲ ನೂಕಿದ್ದು."

ನೀಲಕ್ಕ ಮೊದಲೇ ಕರೆಸಿ ಪಕ್ಕದ ಖೋಲಿಯಲ್ಲಿ ಕೂರಿಸಿದ್ದ ಇನ್ಸ್‌ಪೆಕ್ಟರ್ ಇಬ್ಬರು ಮಹಿಳಾ ಪೊಲೀಸರೊಂದಿಗೆ ಬಾಗಿಲಿಗೆ ಬಂದ. ಮಲ್ಲವ್ವ ಕೈ ಎತ್ತಿ ಅವರನ್ನು ತಡೆದಳು. ಎದ್ದು ನಿಂತಳು. ಅವಳು ಹೊಡೆಯುತ್ತಾಳೆಂದೇ ನಾನು ತಿಳಿದೆ. ಹೊಡೆದಿದ್ದರೆ ನಾನು ತಡೆಯುತ್ತಿರಲಿಲ್ಲ.

"ರಾತ್ರಿ ಎಂಟೂವರೀಗೆ ನಾ ಕಳಿಸಿದ್ದು," ಅಂದಳು. "ಅದನ್ನ ಕೇಳಿದವರು ಯಾರು?"

"ನಾನು."

"ಪೂರಾ?"

"ಪೂರಾ. ಎರಡು ಸಲ. ಗುಹೆಯಲ್ಲಿ ಒಬ್ಬಳೇ ಕೂತು… ಅವಳ ಫೋನಿನ ಲಾಕ್ ನನಗೆ ಗೊತ್ತಿತ್ತು. ಅದನ್ನು ಕೇಳಿದ ಮೇಲೆ, ಸಾರಿ ಅಂತ ಕಳಿಸಿ ಬೆಳಿಗ್ಗೆ ಹೀಗೆ ಹೇಳಬಹುದು ಅಂತ ಅನಿಸಿತು."

"ನನ್ನ ಮಗಳು ಕೇಳಿಲ್ಲ?"

"ಇಲ್ಲ ಆಂಟಿ. ಅವಳು ಅದಕ್ಕೆ ಮೊದಲೇ…"

ನಿಖಿತಾಳನ್ನು ಮೆಟ್ಟಿಲಿಳಿಸಿ ಕರೆದೊಯ್ದರು. ಚಾಳಿನ ನಾಲ್ಕೂ ಮಾಳಿಗೆಯ ಗ್ಯಾಲರಿಗಳಲ್ಲಿ ಜನ ನಿಂತು ನೋಡಿದರು. ನೀಲಕ್ಕ ಹೇಳಿಕೆ ಬರೆಸಲು ಹಿಂದೆಯೇ ಹೋದಳು. ಖೋಲಿಯಲ್ಲಿ ನಾವಿಬ್ಬರೇ ಉಳಿದೆವು.

ಮಲ್ಲವ್ವ ನನ್ನ ಎರಡೂ ಭುಜ ಹಿಡಿದುಕೊಂಡಳು. ಮುಖದಲ್ಲಿ ಇದ್ದದ್ದು ದುಃಖ ಒಂದೇ ಆಗಿರಲಿಲ್ಲ. ಅದನ್ನು ನೋಡಲು ನನಗೆ ಹೆದರಿಕೆಯಾಯಿತು.

"ಶೈಲಾ, ಆಕಿನ್ನ ನೂಕಿ ಕೊಂದಾರಂತ," ಅಂದಳು. "ನಾ ಅಲ್ಲಂತ."