ಏಳು ನಿಮಿಷದ ದಾರಿ

"ನಿನ್ನ ಪಾಲಿನ ಹುಲ್ಲು ಯಾಕೋ ಕೊಯ್ಯಲಿಲ್ಲ? ಬಾಯಲ್ಲಿ ಗೆಣಸು ಇಟ್ಕೊಂಡಿದೀಯಾ? ಮಾತಾಡು!" ಮೊಂಗಿ ಭಾವಮೈದುನ ಕಿನ್‌ಸೆಪ್‌ನ ಎದೆಗೆ ಕೈಹಚ್ಚಿ ದಬ್ಬಿದ.

"ನಿನ್ನ ಹಂದಿ ನನ್ನ ತೋಟವನ್ನೆಲ್ಲ ಅಗೆದು ಹಾಕ್ತು. ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ಯಾ ಭಾವ?"

"ಹಂದಿ ಮೇಲಿನ ಸಿಟ್ಟನ್ನ ನನ್ನ ಮಗಳ ಕಾಲಿನ ಮೇಲೆ ತೀರಿಸ್ಕೊಂಡ್ಯಲ್ಲೋ!"

ಕಿನ್‌ಸೆಪ್ ತಲೆ ತಗ್ಗಿಸಿದ.

ಯಾಪ್‌ಟಿಲ್ ಕಣಿವೆಗೆ ರಸ್ತೆಯಿಲ್ಲ. ಬೆಟ್ಟದ ಓರೆಯಲ್ಲಿ ಕಡಿದ ರನ್‌ವೇ ಒಂದೇ ಅದರ ಬಾಗಿಲು. ಕುಲಕ್ಕೊಂದು ಪಾಲಿನಂತೆ ಹಂಚಿಕೊಂಡು ಅದರ ಹುಲ್ಲು ಕೊಯ್ಯುವುದು ರೂಢಿ. ಕಿನ್‌ಸೆಪ್‌ನ ಪಾಲು ವಿಮಾನ ನೆಲ ಮುಟ್ಟುವ ಜಾಗದಲ್ಲೇ ಇತ್ತು. ಹುಲ್ಲು ಸೊಂಟದೆತ್ತರ ನಿಂತಿತ್ತು. ಮರದಿಂದ ಬಿದ್ದು ತೊಡೆ ಮುರಿದುಕೊಂಡಿದ್ದ ಮೊಂಗಿಯ ಮಗಳು ಡಾಬಿಯನ್ನು ಆಸ್ಪತ್ರೆಗೆ ಒಯ್ಯಲು ಬಂದ ವಿಮಾನ ಎರಡು ಸುತ್ತು ಹೊಡೆದು ಮರಳಿತು. ಈಗ ಹುಲ್ಲು ಕೊಯ್ದರೂ, ವಿಮಾನ ಇಲಾಖೆಯ ಅಧಿಕಾರಿ ಬಂದು ನೋಡಿ ಒಪ್ಪುವತನಕ ಇನ್ನು ಇಲ್ಲಿಳಿಯುವಂತಿಲ್ಲ.

"ನಾಡಿದ್ದು ಓಕ್‌ಸೆಮ್ ರನ್‌ವೇಗೆ ಬರ್ತೀನಿ. ಅಲ್ಲಿಗೆ ತನ್ನಿ," ಎಂದು ಪೈಲಟ್ ರೇಡಿಯೊದಲ್ಲಿ ಹೇಳಿದ. "ಹತ್ತಿರಾನೇ, ಏಳು ನಿಮಿಷ."

ಇಪ್ಪತ್ತೆಂಟು ಕಿಲೋಮೀಟರ್. ಹಕ್ಕಿಗೆ ಅಷ್ಟೇ. ಕಾಲಿಗೆ ಎರಡು ದಿನ.

ಡಾಬಿಯ ಕಾಲು ಕಪ್ಪಾಗತೊಡಗಿತ್ತು. ಮೊಂಗಿ, ಅವನ ಇಬ್ಬರು ತಮ್ಮಂದಿರು ಡೋಲಿ ಎತ್ತಿದರು. ನಾಲ್ಕನೆಯ ಹೆಗಲು ಕಿನ್‌ಸೆಪ್‌ನದು. ಯಾರೂ ಕರೆದಿರಲಿಲ್ಲ. ಯಾರೂ ಬೇಡವೆನ್ನಲಿಲ್ಲ.

ದಾರಿಯುದ್ದಕ್ಕೂ ಹಾವಸೆ ಹೊದ್ದ ಮರಗಳು. ಬೇರುಗಳ ಮೇಲೆ ಕಾಲಿಟ್ಟರೆ ಜಾರು, ಪಕ್ಕಕ್ಕಿಟ್ಟರೆ ಮೊಳಕಾಲುದ್ದ ಕೆಸರು. ಮಂಜು ಎಷ್ಟು ದಟ್ಟವೆಂದರೆ ಮುಂದಿನವನ ಬೆನ್ನೂ ಕಾಣದು. ಜ್ವರದಲ್ಲಿ ಬೇಯುತ್ತಿದ್ದರೂ ಡಾಬಿಯ ನಾಲಿಗೆ ಮಾತ್ರ ಚುರುಕಾಗಿತ್ತು.

"ಮಾವ, ವಿಮಾನ ಇಷ್ಟೊಂದು ಕುಲುಕಲ್ಲ ಗೊತ್ತಾ?"

ಕಿನ್‌ಸೆಪ್‌ನ ಕಿವಿ ಕಾದವು. "ಸುಮ್ನಿರೇ ತಾಯಿ," ಎಂದಷ್ಟೇ ಅಂದ.

ಮರುದಿನ ಹೊಳೆ ಬಂತು. ಬೆತ್ತದ ತೂಗುಸೇತುವೆ ಒಬ್ಬರಿಗಷ್ಟೇ ಅಗಲ.

"ಡೋಲಿ ಹಿಡಿಸಲ್ಲ," ಎಂದ ಮೊಂಗಿ.

"ನನ್ನ ಬೆನ್ನಿಗೆ ಕಟ್ಟಿ," ಎಂದು ಕಿನ್‌ಸೆಪ್ ಬಾಗಿ ನಿಂತ.

ಅವಳನ್ನು ಹೊತ್ತು ಸೇತುವೆಯ ನಡುಮಧ್ಯೆ ಬಂದಾಗ ಎಡಗಡೆಯ ಬೆತ್ತ ಫಟ್ಟನೆ ಹರಿಯಿತು.

ಸೇತುವೆ ವಾಲಿತು. ಡಾಬಿ ಚೀರಿದಳು.

ಕೆಳಗೆ ಹೊಳೆ ಬಂಡೆಗಳನ್ನು ಉರುಳಿಸುತ್ತಿತ್ತು. ಕಿನ್‌ಸೆಪ್ ಉಳಿದ ಬೆತ್ತಕ್ಕೆ ಎರಡೂ ಕೈಯಲ್ಲಿ ಜೋತುಬಿದ್ದ. ಅಂಗೈ ಸುಲಿಯಿತು. ಗೇಣು ಗೇಣಾಗಿ ಸರಿದ. ದಡದಲ್ಲಿ ಕವುಚಿ ಬಿದ್ದಾಗ ಬೆನ್ನ ಮೇಲಿನ ಉಸಿರು ಕುತ್ತಿಗೆಗೆ ಬಿಸಿಯಾಗಿ ತಾಗುತ್ತಿತ್ತು.

ಉಳಿದವರು ಒಬ್ಬೊಬ್ಬರಾಗಿ ಬೆತ್ತಕ್ಕೆ ಜೋತು ದಾಟಿಬಂದರು. ಡೋಲಿಯನ್ನು ಹೊಸದಾಗಿ ಕಟ್ಟಬೇಕಾಯಿತು.

ಮೂರನೆಯ ಬೆಳಿಗ್ಗೆ ಅವರು ಓಕ್‌ಸೆಮ್ ತಲುಪಿದಾಗ ವಿಮಾನ ಇಳಿಯುತ್ತಿತ್ತು. ಊರಿನ ಮುದುಕಿಯೊಬ್ಬಳು ಕೇಳಿದಳು: "ನಿಮ್ಮಲ್ಲೇ ರನ್‌ವೇ ಇದೆಯಲ್ಲಪ್ಪಾ?"

"ಮಳೆಗೆ ಕೆಸರಾಗಿತ್ತು ಅಜ್ಜಿ," ಎಂದ ಮೊಂಗಿ, ಯಾರ ಮುಖವನ್ನೂ ನೋಡದೆ.

ಬೈದಿದ್ದರೆ ಕಿನ್‌ಸೆಪ್ ತಡೆದುಕೊಳ್ಳುತ್ತಿದ್ದ. ಭಾವ ತನ್ನ ಮಾನ ಮುಚ್ಚಿದ್ದನ್ನು ತಡೆಯಲಾಗಲಿಲ್ಲ.

"ಕೆಸರಲ್ಲ. ಹುಲ್ಲು. ನಾನು ಕೊಯ್ಯಲಿಲ್ಲ," ಎಂದ ಗಟ್ಟಿಯಾಗಿ.

ಮಗಳೊಂದಿಗೆ ಮೊಂಗಿ ಹತ್ತಿದ. ವಿಮಾನ ಹಾರಿತು. ಸಂಜೆಗೆ ರೇಡಿಯೊ ಕರಕರ ಎಂದಿತು: ಕಾಲು ಉಳಿಯುತ್ತದೆ, ಕಡಿಯಬೇಕಿಲ್ಲ.

ಮೊಂಗಿಯ ತಮ್ಮಂದಿರು ಕುಣಿದರು. ಕಿನ್‌ಸೆಪ್‌ನ ಮುಖದಲ್ಲಿ ಒಂದು ಚೂರು ನಗು ಹಾದುಹೋಯಿತು. ಮುದುಕಿ ಬಿಸಿಕಲ್ಲು ತುಂಬಿದ ಗುಳಿಯಲ್ಲಿ ಬೆಂದ ಗೆಣಸು ತೆಗೆದು ಎಲೆಯ ಮೇಲಿಟ್ಟಳು.

"ನೀನೂ ಬಾ ಮಗಾ, ಇಷ್ಟು ದೂರ ಹೊತ್ತು ತಂದಿದೀಯ."

"ಕೈ ತೊಳ್ಕೊಂಡು ಬರ್ತೀನಿ ಅಜ್ಜಿ," ಎಂದು ಅವನು ಎದ್ದ.

ಎಲೆಯ ಮೇಲಿನ ಗೆಣಸು ತಣ್ಣಗಾಯಿತು. ಅವನು ಬರಲಿಲ್ಲ; ತನ್ನ ಪಾಲಿನ ಹುಲ್ಲು ಕೊಯ್ಯಲು ಆಗಲೇ ಯಾಪ್‌ಟಿಲ್‌ನ ದಾರಿ ಹಿಡಿದಿದ್ದ.