ಇತ್ತ ತಿರುಗದ ಭೋಂಗಾ

"ಅಕ್ಕೋರ, ನೀವು ಬೇಕಾದ್ರ ಒಳಗ ಹೋಗ್ರಿ. ಇವರನ್ನ ಮಾತ್ರ ಕರಕೊಂಡ ಹೋಗಬ್ಯಾಡ್ರಿ."

ಸಿನಿಮಾ ಟೆಂಟಿನ ಬಾಗಿಲಿಗೆ ಅಡ್ಡ ನಿಂತವನ ಮಾತು ಕೇಳಿ ಬಾಳವ್ವನ ಮೈ ಉರಿದುಹೋಯಿತು. ಗಜೇಂದ್ರಗಡದ ಹೆಣ್ಣುಮಕ್ಕಳ ಸಾಲೆಯಲ್ಲಿ ಎರಡು ವರ್ಷದಿಂದ ಪಾಠ ಹೇಳುತ್ತಿದ್ದವಳು ಅವಳು. ಅವಳಿಗೇ ಬುದ್ಧಿ ಹೇಳಲು ಬಂದಿದ್ದಾನಲ್ಲ ಇವನು! ಪಕ್ಕದಲ್ಲಿ ಅಕ್ಕ ನೀಲವ್ವ ನಿಂತಿದ್ದಳು. ಏಳು ತಿಂಗಳ ಬಸುರಿ. ಸೀಮಂತದ ಕುಬಸ ಮುಗಿಸಿಕೊಂಡು ಹೋದ ವಾರವಷ್ಟೇ ತವರಿಗೆ ಬಂದಿದ್ದಳು.

"ಯಾಕ್ರಿ? ದೊಡ್ಡವರಿಗೆ ಮಾತ್ರ ಅಂತ ಬೋರ್ಡ್ ಹಾಕೀರಿ. ನಮ್ಮಕ್ಕ ನಿಮಗ ಸಣ್ಣಾಕಿ ಕಂಡ್ಲೇನು?"

"ಹಂಗಲ್ರಿ..."

"ಮತ್ತ ಹ್ಯಾಂಗ? ಅಂಥಾದ್ದೇನೈತಿ ಇದರಾಗ?"

ಅವನು ಬಾಯಿ ತೆರೆದ. ನೀಲವ್ವನ ಹೊಟ್ಟೆಯತ್ತ ಒಮ್ಮೆ ನೋಡಿ ಮತ್ತೆ ಬಾಯಿ ಮುಚ್ಚಿದ. ಕಿವಿಯ ತುದಿಯವರೆಗೂ ಕೆಂಪಾಗಿದ್ದ.

'ಬಸುರಿ ಹೆಂಗಸನ್ನ ಹಿಂಗ ನೋಡ್ತಾನಲ್ಲ, ನಾಚಿಕಿ ಇಲ್ಲದವ...' ಬಾಳವ್ವ ಅಕ್ಕನ ಕೈ ಹಿಡಿದುಕೊಂಡು ಅವನನ್ನು ಸರಿಸಿಯೇ ಒಳಗೆ ನಡೆದಳು.

ಅವನ ಹೆಸರು ಈಶಪ್ಪ. ಶಿರೋಳದವನು, ಇಂಗ್ಲಿಷ್ ಬಲ್ಲವನು. ರಮಜಾನಸಾಬರ ಟೆಂಟಿಗೆ ಇಂಗ್ಲಿಷ್ ಚಿತ್ರ ಬಂದಾಗ ಕನ್ನಡದಲ್ಲಿ ಕಥೆ ಹೇಳುವುದು ಅವನ ಕೆಲಸ. ಗಂಡಸರಿಗೂ ಹೆಂಗಸರಿಗೂ ನಡುವೆ ಕಟ್ಟಿದ ಪರದೆಯ ತುದಿಯಲ್ಲಿ ಒಂದು ಸ್ಟೂಲು, ಕೈಯಲ್ಲಿ ದನಿ ದೊಡ್ಡದು ಮಾಡುವ ತಗಡಿನ ಭೋಂಗಾ. ಮೊದಲು ಅತ್ತ ತಿರುಗಿಸಿ ಗಂಡಸರಿಗೆ ಹೇಳುತ್ತಿದ್ದ, ಆಮೇಲೆ ಇತ್ತ ತಿರುಗಿಸಿ ಅದನ್ನೇ ಹೆಂಗಸರಿಗೆ ಹೇಳುತ್ತಿದ್ದ.

ದೀಪಾವಳಿಯ ಮುಂಚೆ ರಶಿಯಾದವರು ಆಕಾಶಕ್ಕೆ ಚೆಂಡು ಹಾರಿಸಿದಾಗಿನಿಂದ ಊರಿಗೆಲ್ಲ ಚಂದ್ರಲೋಕದ ಹುಚ್ಚು ಹಿಡಿದಿತ್ತು. ಅಂಥ ಹೊತ್ತಿಗೇ ಈ ಚಿತ್ರ ಬಂದಿತ್ತು, ಅದೂ ಸರ್ಕಾರದ 'ಎ' ಚೀಟಿ ಅಂಟಿಸಿಕೊಂಡು. ರಮಜಾನಸಾಬರು ಬಿಡುತ್ತಾರೆಯೇ? ಮೊಳದುದ್ದದ ಅಕ್ಷರದಲ್ಲಿ ಬೋರ್ಡು ಬರೆಸಿದರು. ಚಂದ್ರನನ್ನು ನೋಡಲು ಬಂದವರು ಎಷ್ಟೋ, ಬೋರ್ಡು ನೋಡಿ ಬಂದವರು ಎಷ್ಟೋ.

ದೀಪ ಆರಿತು. ಕಥೆ ಶುರುವಾಯಿತು.

"ಈಗ ಇವರು ಭೂಮಿ ಬಿಟ್ಟಾರ್ರಿ. ಮ್ಯಾಲಿಂದ ನೋಡಿದ್ರ ನಮ್ಮ ಗಡದ ಗುಡ್ಡ ಇಲ್ಲ, ಮಲಪ್ರಭಾ ಹೊಳಿ ಇಲ್ಲ. ನಮ್ಮೂರು, ಬ್ಯಾರೆಯವರ ಊರು ಅನ್ನೂದೂ ಇಲ್ಲ..."

ಬಾಳವ್ವನಿಗೆ ಸಿಟ್ಟು ಮರೆತೇ ಹೋಯಿತು. ಎಂಥ ದನಿ ಅದು... ತನ್ನೊಬ್ಬಳಿಗೇ ಹೇಳುತ್ತಿದ್ದಾನೆ ಅನ್ನಿಸುವಂಥ ದನಿ. ಸುಳ್ಳು ಯಾಕೆ, ಅವಳ ಮನಸ್ಸು ಅಲ್ಲೇ ಜಾರಿತ್ತು.

ಕೊನೆಯ ಭಾಗ ಬಂತು. ಚಿತ್ರದ ತೆರೆಯ ಮೇಲೆ ಒಬ್ಬ ಗಂಡಸು, ಒಬ್ಬಳು ಹೆಂಗಸು, ಇಬ್ಬರೇ. ಅವನು ಅವಳ ಕೈ ಹಿಡಿದುಕೊಂಡು ಏನೋ ಪಿಸುಗುಟ್ಟಿದ. ಅವಳು ಅತ್ತಳು. ಅವರಿದ್ದ ಕೋಣೆಯ ದೀಪ ಆರಿತು, ಚಿತ್ರ ಅಲ್ಲಿಗೇ ಮುಗಿಯಿತು. ಈಶಪ್ಪ ದನಿ ತಗ್ಗಿಸಿ ಗಂಡಸರ ಕಡೆಗೆ ಏನೋ ಹೇಳಿದ. ಅತ್ತ ಒಂದು ಕೆಮ್ಮೂ ಕೇಳಲಿಲ್ಲ.

ಭೋಂಗಾ ಇತ್ತ ತಿರುಗಲೇ ಇಲ್ಲ.

"ಬೋರ್ಡ್ ಯಾಕ ಹಾಕ್ಯಾರ ಅನ್ನೂದು ಈಗ ತಿಳೀತು ನೋಡ್ರಿ," ಅಂದಳು ಹಿಂದೆ ಕೂತಿದ್ದ ಮಾಬೂಬಿ. ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಬಾಳವ್ವನಿಗೆ ಅಳುವೇ ಬಂತು. ಅಷ್ಟು ಚಂದದ ದನಿಯಲ್ಲಿ ಹೊಲಸು ಮಾತಾಡುತ್ತಾನೆಯೇ?

ಮನೆಗೆ ಬಂದ ಮೇಲೆ ನೀಲವ್ವ ಕೇಳಿದಳು. "ಯಪ್ಪಾ, ನೀನೂ ಗಂಡಸರ ಕಡೆ ಕೂತಿದ್ದಿ. ಕಡೀಕ ಅಂವ ಏನ್ ಹೇಳಿದ?"

ತಂದೆ ಅಜ್ಜಪ್ಪನ ಮುಖ ಸಣ್ಣದಾಯಿತು. "ಅದನ್ನೊಂದು ಕೇಳಬ್ಯಾಡವಾ." ಅಷ್ಟೇ ಹೇಳಿ ಎದ್ದುಹೋದರು.

ಇನ್ನೇನು ಬೇಕಿತ್ತು? ಮರುದಿನ ಬಾಳವ್ವ, ಟೆಂಟಿನಲ್ಲಿ ಹೊಲಸು ಕಥೆ ಹೇಳುತ್ತಾರೆಂದು ರೋಣದ ತಾಲೂಕು ಕಚೇರಿಯ ಮಾಮಲೇದಾರರಿಗೆ ಅರ್ಜಿ ಬರೆದಳು. ಇಪ್ಪತ್ತು ಹೆಂಗಸರ ಹೆಬ್ಬೆಟ್ಟು, ಮೇಲೆ ತನ್ನ ದುಂಡಗಿನ ಸಹಿ.

ಎಂಟು ದಿನದಲ್ಲಿ ಆಟ ನಿಂತಿತು. ಗುರುವಾರ ಕಚೇರಿಗೆ ಹಾಜರಾಗಬೇಕೆಂದು ಈಶಪ್ಪನಿಗೆ ಹುಕುಂ ಬಂತು. ಸುದ್ದಿ ಕೇಳಿದ ಅಜ್ಜಪ್ಪ ಮಗಳನ್ನು ಹಿತ್ತಲಿಗೆ ಕರೆದರು. ನೀಲವ್ವ ಒಳಗೆ ಮಲಗಿದ್ದಾಳೆಂದು ನೋಡಿಕೊಂಡೇ ಬಾಯಿಬಿಟ್ಟರು.

"ಎಂಥಾ ಕೆಲಸ ಮಾಡಿದಿ ಬಾಳವ್ವಾ! ಅಲ್ಲೇನ್ ಹೊಲಸು ಇದ್ದಿಲ್ಲ. ಚಿತ್ರದಾಗಿನ ಗಂಡಸು ಅಲ್ಲೇ, ಆ ಚಂದ್ರನ ಮ್ಯಾಲ ಸಾಯ್ತಾನ. ಉಸಿರು ಕಟ್ಟಿ ಸಾಯ್ತಾನ. ಬಸುರಿ ಹೆಂಗಸಿನ ಮುಂದ ಸಾವಿನ ಮಾತು ಹ್ಯಾಂಗ ಆಡೂದು? ಅದಕ್ಕ ನಾನೂ ಬಾಯಿ ಮುಚ್ಚಿದೆ. ಆ ಹುಡುಗನೂ ಮುಚ್ಚಿದ."

ಬಾಳವ್ವನಿಗೆ ಅವನು ಬಾಗಿಲಲ್ಲಿ ಅಡ್ಡ ನಿಂತದ್ದು, ಅಕ್ಕನ ಹೊಟ್ಟೆಯತ್ತ ನೋಡಿದ್ದು, ಕೆಂಪಾದದ್ದು... ಎಲ್ಲ ಒಂದೊಂದಾಗಿ ನೆನಪಾಯಿತು. ಅವನು ಸಾವು ಅನ್ನುವ ಮಾತನ್ನು ಅಕ್ಕನ ಕಿವಿಗೆ ಬೀಳಿಸಬಾರದೆಂದು ತನ್ನ ಮಾನ ಕಳೆದುಕೊಂಡಿದ್ದ.

"ಯಪ್ಪಾ, ನಾಳೆನ ಗುರುವಾರ..."

ರೋಣಕ್ಕೆ ಹೊರಟ ಬೆಳಗಿನ ಬಸ್ಸು ನರೇಗಲ್ಲಿನಲ್ಲಿ ಅರ್ಧ ತಾಸು ನಿಂತಿತು. ನೀರು ಹಾಕಬೇಕಂತೆ. ಬಾಳವ್ವ ಕಿಟಕಿಯ ಸರಳು ಹಿಡಿದುಕೊಂಡು ಕೂತಿದ್ದಳು. 'ಇಷ್ಟೊತ್ತಿಗೆ ಅವನ ಮೇಲಿನ ಹುಕುಂ ಬರೆದು ಮುಗಿಸಿರಬೇಕು. ಅವನಿಗೆ ಇನ್ನು ಯಾವ ಟೆಂಟಿನವರು ಕೆಲಸ ಕೊಡುತ್ತಾರೆ? ಯಾವ ಮುಖ ಹೊತ್ತುಕೊಂಡು ಊರಿಗೆ ಹೋಗುತ್ತಾನೆ? ನನ್ನ ಕೈಯಿಂದಲೇ ಆಗಬೇಕಿತ್ತೇ ಇದು...' ಅಜ್ಜಪ್ಪ ಎರಡು ಸಲ ನೀರು ಕೊಟ್ಟರು. ಅವಳು ತಂಬಿಗೆಯನ್ನು ಹಾಗೇ ತಿರುಗಿ ಕೊಟ್ಟಳು.

ಕಚೇರಿಗೆ ಓಡಿಬಂದಾಗ ಗುಮಾಸ್ತ ಹುಕುಂ ಬರೆಯುತ್ತಿದ್ದ. ಈಶಪ್ಪ ತಲೆತಗ್ಗಿಸಿ ಗೋಡೆಗೆ ನಿಂತಿದ್ದ. ಅವನು ನಿಜ ಹೇಳಿದ್ದನಂತೆ. ಇಪ್ಪತ್ತು ಹೆಬ್ಬೆಟ್ಟಿನ ಮುಂದೆ ಒಬ್ಬನ ಮಾತು ಯಾರು ನಂಬುತ್ತಾರೆ?

"ಸಾಹೇಬ್ರ, ಆ ಅರ್ಜಿ ಬರದಾಕಿ ನಾನು. ತಪ್ಪು ಬರದೀನ್ರಿ."

ಮಾಮಲೇದಾರರು ಕನ್ನಡಕ ತೆಗೆದರು. "ತಪ್ಪು ಅಂದ್ರ?"

"ಅವರು ಹೊಲಸು ಏನೂ ಹೇಳಿಲ್ರಿ. ನಾ ಕೇಳದನ ತಿಳಕೊಂಡೆ."

"ಸುಳ್ಳು ಅರ್ಜಿ ಅಂತ ಸಾಲಿ ಬೋರ್ಡಿಗೆ ತಿಳಸಬೇಕಾಗತೈತಿ. ನಿನ್ನ ನೌಕರಿಗೆ ಕುತ್ತು ಬಂದೀತವಾ."

ಬಾಳವ್ವ ಮೇಜಿನ ಹತ್ತಿರ ಬಂದಳು. "ತಿಳಸ್ರಿ. ಅವರ ಹೆಸರು ಉಳೀಲಿ."

ಈಶಪ್ಪ ಮೊದಲ ಸಲ ತಲೆ ಎತ್ತಿದ.

ಮಾಮಲೇದಾರರು ಅವನತ್ತ ತಿರುಗಿದರು. "ಇಷ್ಟು ರಾದ್ಧಾಂತ ಯಾಕ? ಆ ಭಾಗ ಕತ್ತರಿಸಿದ್ರ ಬೋರ್ಡೂ ಬ್ಯಾಡ, ಸಣ್ಣ ಮಕ್ಕಳೂ ನೋಡಬಹುದಿತ್ತಲ್ಲ?"

"ಅದನ್ನ ತಗದ್ರ ಚಂದ್ರಲೋಕ ಬರೇ ಪಟಾಕಿ ಆಗತೈತ್ರಿ. ಬೋರ್ಡ್ ನೋಡಿ ಏನೇನೋ ನೆನಸಿ ಬಂದ ಗಂಡಸರು ಕಣ್ಣು ಒರಸ್ಕೊಂತ ಹೋದ್ರು. ಅಂಥಾದ್ದನ್ನ ಕತ್ತರಸಾಕ ಮನಸ್ಸು ಬರಲಿಲ್ರಿ."

ಮಾಮಲೇದಾರರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಗುಮಾಸ್ತನಿಗೆ, "ಅರ್ಜಿ ವಾಪಸ್ ತಗೊಂಡಾರ ಅಂತ ಬರಿ. ಸಾಲಿ ಬೋರ್ಡಿಗೆ ಬರೆಯೂದು ಆಮ್ಯಾಲ ನೋಡೂಣು," ಅಂದರು.

ಹೊರಗೆ ಬೇವಿನ ಮರದ ಕೆಳಗೆ ಅಜ್ಜಪ್ಪ ಮಗಳ ಮುಖ ನೋಡಿದರು, ಆ ಹುಡುಗನ ಮುಖ ನೋಡಿದರು. ಚಹಾ ಕುಡಿದು ಬರುತ್ತೇನೆಂದು ಹೊರಟುಬಿಟ್ಟರು. ಅವರೇನು ಕುರುಡರೇ?

"ನನ್ನ ಮ್ಯಾಲ ಸಿಟ್ಟು ಐತೇನ್ರಿ?" ಬಾಳವ್ವ ನೆಲ ನೋಡುತ್ತ ಕೇಳಿದಳು.

"ಇತ್ರಿ. ನೀವು ಓಡಿಬಂದದ್ದು ಕಂಡ ಮ್ಯಾಲ ಎಲ್ಲಿ ಹೋತೋ ಗೊತ್ತಿಲ್ಲ."

"ಹಂಗಾದ್ರ ಒಂದು ಕೇಳ್ಲೇನು? ಆಕಿ ಕೈ ಹಿಡದು ಅಂವ ಏನಂದ? ನಮ್ಮ ಕಡೆ ನೀವು ಹೇಳಲೇ ಇಲ್ಲ."

ಭೋಂಗಾ ಟೆಂಟಿನಲ್ಲೇ ಉಳಿದಿತ್ತು. ಅದು ಬೇಕಾಗಲೂ ಇಲ್ಲ.

"ಇಬ್ಬರಿಗೆ ಸಾಲುವಷ್ಟು ಗಾಳಿ ಉಳದಿಲ್ಲ, ನೀ ಹೋಗು ಅಂದ. ಭೂಮಿಗೆ ಹೋಗು... ಹುಣ್ಣಿವಿ ದಿವಸ ಒಮ್ಮೆ ಮ್ಯಾಲ ನೋಡು, ನಾ ಇಲ್ಲೇ ಇರ್ತೀನಿ ಅಂದ."

ಬಾಳವ್ವನ ಕಣ್ಣು ತುಂಬಿ ಬಂತು. "ಆಕಿ ಹೋದ್ಲೇನು?"

"ಹೋದ್ಲ್ರಿ."

"ನಾ ಆಗಿದ್ರ ಹೋಗತಿದ್ದಿಲ್ಲ."

"ಗಾಳಿ ಸಾಲತಿದ್ದಿಲ್ರಿ ಅಕ್ಕೋರ..."

"ಇದ್ದಷ್ಟನ್ನ ಅರ್ಧರ್ಧ ಮಾಡ್ಕೊಂತಿದ್ವಿ."

ಅಂದ ಮೇಲೆ ಅವಳಿಗೆ ಎಲ್ಲಿಲ್ಲದ ನಾಚಿಕೆ ಬಂತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬೇರೆಯವರ ಕಥೆ ಹೇಳುವ ಈಶಪ್ಪ ಈಗ ತನ್ನ ಮಾತನ್ನೇ ಆಡಿದ.

"ಐತವಾರ ನಮ್ಮವ್ವನ್ನ ಕರಕೊಂಡ ನಿಮ್ಮ ಮನಿಗೆ ಬರ್ಲೇನ್ರಿ?"

"ಬರ್ರಿ. ಆದ್ರ ಅಕ್ಕ ಆ ಕತಿ ಕಡೀಕ ಏನಾತು ಅಂತ ಕೇಳೇ ಕೇಳ್ತಾಳ."

"ಏನ್ ಹೇಳ್ಲಿ?"

ಬಾಳವ್ವ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ಹೆರಿಗಿ ಆಗೂತನಕ... ಇಬ್ಬರೂ ತಿರುಗಿ ಮನಿಗೆ ಬಂದ್ರು ಅಂತ ಹೇಳ್ರಿ."