ಹದಿನೇಳನೇ ಸ್ಲೈಡ್

ಲ್ಯಾಬಿನಲ್ಲಿ ಒಂದೇ ಕಟ್ಟುನಿಟ್ಟು: ಎಣಿಸುವವರಿಗೆ ಸ್ಲೈಡ್ ಯಾರದೆಂದು ಗೊತ್ತಿರಬಾರದು. ಆಸ್ಪತ್ರೆಯಿಂದ ಬಂದ ಗಡ್ಡೆಯ ಚೂರುಗಳಿಗೆ ಬಣ್ಣ ಹಾಕಿ, ನಂಬರ್ ಅಂಟಿಸಿ, ಹೆಸರಿನ ಪುಸ್ತಕಕ್ಕೆ ಬೀಗ ಹಾಕುವುದು ಅವನ ಕೆಲಸ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಎಣಿಸುವುದು ಅವಳದು.

ಅವಳು ಎಣಿಸುತ್ತಿದ್ದುದು ಸೆಂಟ್ರೋಸೋಮ್‌ಗಳನ್ನು. ಜೀವಕೋಶ ಎರಡಾಗುವಾಗ ಎರಡು ಕಡೆ ನಿಂತು ಹಗ್ಗ ಎಳೆಯುವ ಪುಟ್ಟ ಚುಕ್ಕೆಗಳು. ಎರಡಿದ್ದರೆ ಸಂಸಾರ ಸುಸೂತ್ರ. ನಾಲ್ಕೈದಾದರೆ ಕ್ಯಾನ್ಸರ್ ಕೆರಳಿದ ಲಕ್ಷಣ.

"ನನ್ನ ಮದುವೆ ಆಗ್ತೀಯಾ?" ಎಂದು ಅವನು ಕೇಳಿ ಮೂರು ತಿಂಗಳಾಗಿತ್ತು.

"ಎಣಿಕೆ ಮುಗಿದ ದಿನ ಹೇಳ್ತೀನಿ," ಎಂದಿದ್ದಳು. ಹೂಂ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಅವನನ್ನು ಸತಾಯಿಸುವುದರಲ್ಲಿ ಅವಳಿಗೊಂದು ಖುಷಿ.

ಇವತ್ತು ಕೊನೆಯ ಸ್ಲೈಡ್, ಹದಿನೇಳನೆಯದು.

"ಬಾರೋ ಇಲ್ಲಿ! ಒಂದೊಂದು ಕೋಶದಲ್ಲಿ ಐದು, ಆರು! ಇಂಥದ್ದು ಜನ್ಮದಲ್ಲಿ ನೋಡಿಲ್ಲ."

ಅವನು ಕನ್ನಡಕ ಹಣೆಗೇರಿಸಿ ಬಗ್ಗಿದ. ಅವನ ಕಿವಿ ಅವಳ ಕೆನ್ನೆಗೆ ತಾಗಿತು. ಅವಳು ಸರಿಯಲಿಲ್ಲ.

"ಅಷ್ಟು ಕೆಟ್ಟದಾ?"

"ಇದು ಯಾರದೋ, ಅವರ ಕಥೆ ಮುಗೀತು ಬಿಡು. ಪಾಪ. ನಮ್ಮ ರಿಸರ್ಚ್ ಪೇಪರ್‌ಗೆ ಮಾತ್ರ ಹಬ್ಬ."

"ಎಣಿಕೆ ಮುಗೀತಲ್ಲ. ಈಗ ಹೇಳು."

"ಹೂಂ ಕಣೋ ಪೆದ್ದ. ನೂರು ಸಲ ಹೂಂ."

ಅವನ ಮುಖ ಅರಳಿತು. ಆಮೇಲೆ ಬೀಗ ತೆಗೆದು ಪುಸ್ತಕವನ್ನು ಅವಳ ಮುಂದಿಟ್ಟ. ಹದಿನೇಳರ ಎದುರು ಅವನದೇ ಹೆಸರು, ಅವನದೇ ದುಂಡಕ್ಷರ. ಹೋದ ತಿಂಗಳು ಕುತ್ತಿಗೆಯ ಗಂಟು ತೆಗೆಸಿಕೊಂಡು ಬಂದವನು ಬರೀ ಕೊಬ್ಬು ಎಂದು ನಕ್ಕಿದ್ದ.

ಅವಳಿಗೆ ಅವನನ್ನು ಬಾಚಿ ತಬ್ಬಿಕೊಳ್ಳಬೇಕೆನಿಸಿತು, ಕಪಾಳಕ್ಕೆ ಬಾರಿಸಬೇಕೆಂದೂ ಅನಿಸಿತು.

"ಗೊತ್ತಿದ್ದೂ ನನ್ನ ಬಾಯಲ್ಲಿ ಆ ಮಾತೆಲ್ಲ ಆಡಿಸಿದೆಯಾ?"

"ಮೊದಲೇ ಹೇಳಿದ್ರೆ ನೀನು ಕನಿಕರಕ್ಕೆ ಒಪ್ಕೋತಿದ್ದೆ. ನನಗೆ ನಿಜವಾದ ಹೂಂ ಬೇಕಿತ್ತು."

"ಅದು ಮೂರು ತಿಂಗಳಿಂದ ನಿಂದೇ ಆಗಿತ್ತಲ್ಲೋ! ನನ್ನ ಮೇಲೂ ಪ್ರಯೋಗ ಮಾಡಿದೆ. ಈಗ ಆ ಹೂಂ ವಾಪಸ್ ತಗೊಂಡೆ."

ತಮಾಷೆ ಎಂದುಕೊಂಡು ಅವನು ನಕ್ಕ. ಅವಳು ನಗಲಿಲ್ಲ.

"ಆಸ್ಪತ್ರೆಗೆ ದಿನಾ ಬರ್ತೀನಿ. ಔಷಧಿ ಕುಡಿಸ್ತೀನಿ, ವಾಂತಿ ಬಳೀತೀನಿ. ಮದುವೆ ಮಾತ್ರ ಇಲ್ಲ."

"ನನಗೆ ಉಳಿದಿರೋ ದಿನಗಳೇ ಎಷ್ಟು ಅಂತ..." ಅವನ ದನಿ ಒಡೆಯಿತು. "ಯಾಕೆ?"

"ನಿನ್ನ ಇನ್ನು ನಂಬೋಕಾಗಲ್ಲ. ಪ್ರೀತಿ ಹಾಗೇ ಇದೆ, ಏನ್ಮಾಡ್ಲಿ," ಎಂದವಳು ಅಳುತ್ತಲೇ ಹದಿನೇಳರ ಎದುರು ತಾನು ಎಣಿಸಿದ್ದನ್ನು ಬರೆದಳು.